ಟೆಲಿ ಲೆನ್ಸ್‌ಗೆ ಲಕ್ಷ ರೂಪಾಯಿ ಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪಕ್ಷಿ ಛಾಯಾಗ್ರಹಣದ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬೆಂಗಳೂರಿನ ಕೆರೆಗಳಲ್ಲಿ ಇನ್ನೂ ಎಷ್ಟು ಬಗೆಯ ಹಕ್ಕಿಗಳು ಉಳಿದುಕೊಂಡಿವೆ ಎಂಬುದನ್ನು ಅದು ಚೆನ್ನಾಗಿ ತೋರಿಸಿಕೊಟ್ಟಿತು. ಆದರೆ ಕೊನೆಯಲ್ಲಿ ಹೊಸಬರಿಗೆಂದು ಕೊಟ್ಟ ಸಲಹೆ ಮಾತ್ರ ನನಗೆ ನೋವುಂಟುಮಾಡಿತು. ಲಕ್ಷ ರೂಪಾಯಿಯ ಲೆನ್ಸ್ ಕೊಳ್ಳಲಾಗದವರು ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಲೇಸು ಎಂಬ ಧಾಟಿ ಅದರಲ್ಲಿತ್ತು. ಅದೇ ವಾರ ಕೆಲವರು ಆ ಪುಟವನ್ನೇ ಹಿಡಿದುಕೊಂಡು ನನ್ನ ಬಳಿ ಬಂದು, 'ಹಾಗಾದರೆ ನಮ್ಮ ಕ್ಯಾಮೆರಾ ಮಾರಿಬಿಡುವುದೇ ಒಳ್ಳೆಯದೇ?' ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳಬೇಕೆನಿಸಿತು. ಪತ್ರ ಉದ್ದವಾಗಿದೆ. ಆದರೂ ಆದಷ್ಟು ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡುವವನು. ಫಿಲಂ ಕಾಲದಲ್ಲಿ ಕಲಿತ ಕೆಲಸ, ಇವತ್ತಿಗೂ ಅದೇ ನನ್ನ ಅನ್ನ. ಲೆನ್ಸ್ ಮಾರುವವನಲ್ಲ, ಆದ್ದರಿಂದ ಯಾರು ಯಾವ ಕಂಪನಿಯದನ್ನು ಕೊಂಡರೂ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮದುವೆ ಛಾಯಾಗ್ರಾಹಕರ ದುಬಾರಿ ಲೆನ್ಸ್‌ಗಳು ನನ್ನ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತವೆ, ಕಾಲೇಜು ಹುಡುಗರ ಪ್ಲಾಸ್ಟಿಕ್ ಮೌಂಟಿನ ಲೆನ್ಸ್‌ಗಳೂ ಬಿಚ್ಚಿಕೊಳ್ಳುತ್ತವೆ. ಎರಡರ ಒಳಗೂ ಏನಿದೆ ಎಂದು ನೋಡಿದವನಾಗಿ ಹೇಳುತ್ತೇನೆ: ದೂರದ್ದನ್ನು ಹತ್ತಿರ ತೋರಿಸುವ ಸಾಧಾರಣ ಬೆಲೆಯ ಟೆಲಿ ಜೂಮ್‌ಗಳು ಇವತ್ತು ತಮ್ಮ ಬೆಲೆಗೆ ಮೀರಿದ ಕೆಲಸ ಮಾಡುತ್ತವೆ. ಜನ ಹಣ ಕಳೆದುಕೊಳ್ಳುತ್ತಿರುವುದು ಕಡಿಮೆ ಬೆಲೆಯದನ್ನು ಕೊಂಡದ್ದರಿಂದಲ್ಲ, ತಮ್ಮ ಕ್ಯಾಮೆರಾಕ್ಕೆ ಒಗ್ಗದ್ದನ್ನು ಕೊಂಡದ್ದರಿಂದ.

ಇತ್ತೀಚೆಗೆ ಯಲಹಂಕ ಕಡೆಯಿಂದ ಒಬ್ಬ ಪಾಲಿಟೆಕ್ನಿಕ್ ಹುಡುಗ ಬಂದಿದ್ದ. ಅವನ ಕೈಯಲ್ಲಿದ್ದದ್ದು ಸೋದರಮಾವ ಬಳಸಿ ಕೊಟ್ಟ ನಿಕಾನ್ ಡಿ5100. ಜಕ್ಕೂರು ಕೆರೆಯ ಹೆಜ್ಜಾರ್ಲೆಗಳ ಚಿತ್ರ ತೆಗೆಯಬೇಕೆಂದು ರಜೆಯಲ್ಲಿ ದುಡಿದ ಹಣ ಕೂಡಿಸಿಟ್ಟು ಹೊಸ 70-300 ಲೆನ್ಸ್, ಅಂದರೆ 70ರಿಂದ 300 ಮಿ.ಮೀ. ತನಕ ಎಳೆಯಬಹುದಾದದ್ದನ್ನು ಕೊಂಡಿದ್ದ. ಈ ಅಂಕಿ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. 'ಸರ್, ಹೊಸ ಲೆನ್ಸ್. ಆದರೆ ಫೋಕಸ್ಸೇ ಆಗುತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ ಪೆಟ್ಟಿಗೆ ಒಡೆದ ಮೇಲೆ ವಾಪಸ್ ಇಲ್ಲ, ರಿಪೇರಿಗೆ ಕೊಡು ಎನ್ನುತ್ತಿದ್ದಾರೆ' ಎಂದ. ಲೆನ್ಸ್ ತೆಗೆದುಕೊಂಡು ನನ್ನ ಬಳಿಯಿದ್ದ ಡಿ5600 ಕ್ಯಾಮೆರಾಕ್ಕೆ ಹಾಕಿದೆ. ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕುಳಿತಿದ್ದ ಪಾರಿವಾಳಕ್ಕೆ ಕ್ಷಣದಲ್ಲಿ, ಸದ್ದೇ ಇಲ್ಲದೆ ಫೋಕಸ್ ಕೂತಿತು. ಲೆನ್ಸ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಅವನ ಕ್ಯಾಮೆರಾದಲ್ಲಿಯೂ ಇರಲಿಲ್ಲ. ಎರಡೂ ಒಂದಕ್ಕೊಂದು ಮಾಡಿದವಲ್ಲ, ಅಷ್ಟೇ. ಮಾರಿದವರು ಮಾರುವ ಮೊದಲು 'ನಿನ್ನ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಯಾವುದಪ್ಪ?' ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅದು ನಿಕಾನ್‌ನ ಎಎಫ್-ಪಿ ಡಿಎಕ್ಸ್ 70-300 ವಿಆರ್. 2016ರಲ್ಲಿ ಬಂದದ್ದು, ತೂಕ 415 ಗ್ರಾಂ, ಬೆಲೆಗೆ ಹೋಲಿಸಿದರೆ ಅಪರೂಪದ ಲೆನ್ಸ್. ಆದರೆ ಅದರ ಫೋಕಸ್ ಸ್ಟೆಪ್ಪಿಂಗ್ ಮೋಟರಿನಿಂದ ನಡೆಯುತ್ತದೆ. ಆ ಮೋಟರಿಗೆ ಆಜ್ಞೆ ಕೊಡುವುದು ಹಳೆಯ ಬಾಡಿಗಳಿಗೆ ತಿಳಿಯದು. ಕೈಯಿಂದ ತಿರುಗಿಸುವ ಉಂಗುರವೂ ಹಲ್ಲುಚಕ್ರದ್ದಲ್ಲ, ಅದೂ ವಿದ್ಯುತ್ ಸಂದೇಶವನ್ನೇ ಕಳಿಸುವುದರಿಂದ ಉಂಗುರ ತಿರುಗಿಸಿದರೂ ಒಳಗಿನ ಗಾಜು ಅಲುಗಾಡುವುದಿಲ್ಲ. ಡಿ3100, ಡಿ3200, ಡಿ5100, ಡಿ90, ಡಿ7000 ಇಟ್ಟುಕೊಂಡವರು ಎಎಫ್-ಪಿ ಎಂದು ಬರೆದ ಲೆನ್ಸ್‌ನ ಕಡೆ ತಿರುಗಿಯೂ ನೋಡಬಾರದು. ಡಿ3300, ಡಿ5300, ಡಿ5500 ಇದ್ದವರು ಬಾಡಿಯ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಹೊಸದಾಗಿದೆಯೇ ಎಂದು ನೋಡಿಕೊಳ್ಳಬೇಕು. ಡಿ3400, ಡಿ3500, ಡಿ5600 ಇದ್ದವರು ಕಣ್ಣು ಮುಚ್ಚಿ ಕೊಳ್ಳಬಹುದು. ಆದರೆ ಇದೇ ಲೆನ್ಸ್ ವಿಆರ್, ಅಂದರೆ ಕೈ ನಡುಕವನ್ನು ಸರಿದೂಗಿಸುವ ಸ್ಟೆಬಿಲೈಸರ್, ಇಲ್ಲದ ಇನ್ನೊಂದು ರೂಪದಲ್ಲೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತಿವೆ. ಹೆಸರಿನ ಸಾಲಿನಲ್ಲಿ ವಿಆರ್ ಎಂಬ ಎರಡಕ್ಷರ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ.

ಹಳೆಯ ನಿಕಾನ್ ಬಾಡಿಯವರು ನಿರಾಶರಾಗಬೇಕಿಲ್ಲ. ಅವರಿಗೆ ಬೇರೆ ಬಗೆಯ ಮೋಟರಿರುವ, ಎಎಫ್-ಎಸ್ ಎಂದು ಬರೆದ ಲೆನ್ಸ್‌ಗಳಿವೆ. 2010ರಲ್ಲಿ ಬಂದ 55-300 ವಿಆರ್ ಇದೆ, ಅದಕ್ಕೂ ಮೊದಲು 2006ರಲ್ಲಿ ಬಂದ ದೊಡ್ಡ 70-300 ವಿಆರ್ ಇದೆ. ಮೊದಲನೆಯದರ ಫೋಕಸ್ ನಿಧಾನ, ಹಾರುವ ಹಕ್ಕಿಗೆ ತಡವರಿಸುತ್ತದೆ. ಎರಡನೆಯದು ಮುಕ್ಕಾಲು ಕಿಲೋ ತೂಗುತ್ತದೆ, ಆದರೆ ಚುರುಕು, ಗಟ್ಟಿ. ಆ ಹುಡುಗನಿಗೆ ಈ ಎರಡನೆಯದನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿಸಿಕೊಟ್ಟೆ. ಹೊಸದನ್ನು ಡಿ3500 ಇದ್ದ ಇನ್ನೊಬ್ಬರು ತೆಗೆದುಕೊಂಡರು. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ ಎಂಬುದನ್ನೂ ಮರೆಯಬಾರದು. ಮೋಟರಿಲ್ಲದ ಹಳೆಯ 70-300 ಜಿ ಲೆನ್ಸ್ ತೀರ ಅಗ್ಗಕ್ಕೆ ಸಿಗುತ್ತದೆ. ಈ ಬಾಡಿಗಳಲ್ಲಿ ಅದಕ್ಕೆ ಆಟೊಫೋಕಸ್ ಬರುವುದಿಲ್ಲ.

ಕ್ಯಾನನ್‌ನವರಿಗೆ ಈ ಜಂಜಾಟವಿಲ್ಲ. 1300ಡಿ, 1500ಡಿ, 200ಡಿ, 700ಡಿ ಯಾವುದೇ ಇರಲಿ, ಇಎಫ್ ಮತ್ತು ಇಎಫ್-ಎಸ್ ಲೆನ್ಸ್‌ಗಳೆಲ್ಲ ಕೆಲಸ ಮಾಡುತ್ತವೆ. ಅವರ ಮುಂದಿರುವ ಬಲೆ ಬೇರೆ. ಅದರ ಹೆಸರು 75-300. ಸ್ಟೆಬಿಲೈಸರ್ ಇಲ್ಲದ ಈ ಲೆನ್ಸ್‌ನ ಮೂರನೆಯ ಆವೃತ್ತಿ 1999ರಲ್ಲಿ ಬಂದದ್ದು, ಅಂದರೆ ಫಿಲಂ ಕಾಲದ್ದು. ಅಗ್ಗ, 300 ಎಂಬ ದೊಡ್ಡ ಅಂಕಿ ಬೇರೆ ಮೈಮೇಲಿದೆ. ಮೊದಲ ಸಲ ಕೊಳ್ಳುವವರು 250ಕ್ಕಿಂತ 300 ದೊಡ್ಡದಲ್ಲವೇ ಎಂದು ಅದನ್ನೇ ಆರಿಸುತ್ತಾರೆ. 300ರ ತುದಿಯಲ್ಲಿ ಅದರ ಚಿತ್ರ ಮೆತ್ತಗೆ, ಅಂಚುಗಳಲ್ಲಿ ನೇರಳೆ ಗೆರೆ. ಅದಕ್ಕೂ ಮಿಗಿಲಾಗಿ ಕೈ ನಡುಗಿದ್ದನ್ನೆಲ್ಲ ಅದು ಚಿತ್ರಕ್ಕೆ ಇಳಿಸುತ್ತದೆ. ಸ್ಟೆಬಿಲೈಸರ್ ಎಂಬುದು ಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ನೋಡುವ ಕ್ಯಾಮೆರಾ) ಲೆನ್ಸ್‌ಗಳಿಗೆ ಮೊದಲು ಬಂದದ್ದೇ 1995ರಲ್ಲಿ ಇದೇ ಕ್ಯಾನನ್‌ನ ಇನ್ನೊಂದು 75-300ರಲ್ಲಿ. ಅದಾಗಿ ಇಷ್ಟು ವರ್ಷಗಳ ಮೇಲೂ ಅದಿಲ್ಲದ ಟೆಲಿ ಜೂಮನ್ನು ಹೊಸಬರ ಕೈಗೆ ಕೊಡುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಟೆಬಿಲೈಸರ್ ಎಂದರೆ ಏನು ಎಂದು ಕೇಳುವವರಿಗೆ ನಾನು ಬಿಚ್ಚಿದ ಲೆನ್ಸ್ ಒಂದನ್ನು ತೋರಿಸುತ್ತೇನೆ. ಒಳಗೆ, ನಡುಭಾಗಕ್ಕೆ ಸ್ವಲ್ಪ ಹಿಂದೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಾಜುಗಳ ಗುಂಪು ಇರುತ್ತದೆ. ಅದನ್ನು ಎಲ್ಲಿಯೂ ಬಿಗಿದಿಲ್ಲ. ಸುತ್ತ ತಾಮ್ರದ ಸುರುಳಿಗಳು, ಅಯಸ್ಕಾಂತದ ತುಂಡುಗಳು. ನಿಮ್ಮ ಕೈ ಯಾವ ಕಡೆ ಎಷ್ಟು ಅಲುಗಿತು ಎಂಬುದನ್ನು ಪುಟ್ಟ ಗೈರೋ ಸೆನ್ಸರ್‌ಗಳು ಅಳೆಯುತ್ತವೆ. ಆ ಗಾಜು ಕೂಡಲೇ ಅಷ್ಟನ್ನು ಸರಿದೂಗಿಸುವಂತೆ ಪಕ್ಕಕ್ಕೆ ಜಾರುತ್ತದೆ. ಶಟರ್ ಗುಂಡಿಯನ್ನು ಅರ್ಧ ಒತ್ತಿದಾಗ ಲೆನ್ಸ್‌ನಿಂದ ಟಕ್ಕೆಂದು ಸಣ್ಣ ಸದ್ದು, ಆಮೇಲೆ ಮೆಲ್ಲನೆಯ ಸುಯ್‌ಗುಡುವಿಕೆ ಕೇಳಿದರೆ ಅದು ಈ ಗಾಜು ಎಚ್ಚರಗೊಂಡ ಸದ್ದು. ವ್ಯೂಫೈಂಡರಿನಲ್ಲಿ ಅಲ್ಲಾಡುತ್ತಿದ್ದ ಕೊಂಬೆ ಕಣ್ಣೆದುರೇ ನಿಂತುಬಿಡುತ್ತದೆ. ಕಂಪನಿ ಯಾವುದಾದರೂ ಕೆಲಸ ಇಷ್ಟೇ. ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್, ಟ್ಯಾಮ್ರಾನ್‌ನಲ್ಲಿ ವಿಸಿ, ಸಿಗ್ಮಾದಲ್ಲಿ ಓಎಸ್ ಎಂದು ಬರೆದಿರುತ್ತಾರೆ.

ಲೆಕ್ಕ ಹೇಳುತ್ತೇನೆ. ಚಿತ್ರ ಹಿಡಿಯುವ ಸೆನ್ಸರ್ ಸಣ್ಣದಿರುವ ಈ ಕ್ಯಾಮೆರಾಗಳಲ್ಲಿ 250 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ಅಲುಗದ ಚಿತ್ರ ಬೇಕಾದರೆ ಶಟರ್ ವೇಗ ಸುಮಾರು ಸೆಕೆಂಡಿನ 400ನೇ ಒಂದು ಭಾಗ ಇರಬೇಕು. ಕ್ಯಾನನ್ 55-250 ಎಸ್‌ಟಿಎಂ (ಸ್ಟೆಪ್ಪಿಂಗ್ ಮೋಟರ್) ಲೆನ್ಸ್‌ನ ಐಎಸ್ ಮೂರೂವರೆ ಸ್ಟಾಪ್ ನೆರವಾಗುತ್ತದೆ ಎಂದು ಕಂಪನಿ ಹೇಳುತ್ತದೆ. ಒಂದು ಸ್ಟಾಪ್ ಎಂದರೆ ಶಟರ್ ತೆರೆದಿರುವ ಹೊತ್ತು ಎರಡು ಪಟ್ಟಾದಂತೆ. ಮೂರು ಸ್ಟಾಪ್ ಎಂದೇ ಹಿಡಿಯಿರಿ, 50ನೇ ಒಂದು ಭಾಗದಲ್ಲೂ ಚಿತ್ರ ನಿಲ್ಲುತ್ತದೆ. ಲಾಲ್‌ಬಾಗಿನ ಮರದ ನೆರಳಿನಲ್ಲಿ ಮೈ ಮುದುಡಿಕೊಂಡು ಕುಳಿತ ಗೂಬೆಗೆ ಇದು ವರದಾನ. ಆದರೆ ಒಂದು ಮಾತನ್ನು ಬಿಡದೆ ಹೇಳಬೇಕು. ಸ್ಟೆಬಿಲೈಸರ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಹಕ್ಕಿಯನ್ನಲ್ಲ. ಹೂವಿಂದ ಹೂವಿಗೆ ಹಾರುವ ಸೂರಕ್ಕಿಗೆ, ಕತ್ತು ತಿರುಗಿಸುತ್ತಲೇ ಇರುವ ಮಿಂಚುಳ್ಳಿಗೆ 500ನೇ ಒಂದು ಭಾಗವಾದರೂ ಬೇಕು, ಹಾರುವ ಗರುಡನಿಗೆ 1000ಕ್ಕೂ ಮೇಲೆ. ಅದಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು, 800, 1600 ಎಂದು ಏರಿಸಲು ಹೆದರಬೇಡಿ. ಈಚಿನ ಬಾಡಿಗಳು ಅದನ್ನು ತಾಳಿಕೊಳ್ಳುತ್ತವೆ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ನೋಡಬಹುದು, ಕದಲಿದ ಚಿತ್ರವನ್ನು ನೋಡಲಾಗದು.

ಈಗ ನನ್ನ ಆಯ್ಕೆಗೆ ಬರುತ್ತೇನೆ. ಕ್ಯಾನನ್ ಇರುವವರಿಗೆ ನಾನು ಮೊದಲು ಹೇಳುವುದು 2013ರಲ್ಲಿ ಬಂದ ಇದೇ 55-250 ಎಸ್‌ಟಿಎಂ. ತೂಕ 375 ಗ್ರಾಂ, ಹೆಗಲ ಚೀಲದಲ್ಲಿದ್ದರೆ ಇದೆ ಎಂದೇ ಗೊತ್ತಾಗದು. ಇದಕ್ಕೂ ಮೊದಲು ಬಂದ 55-250 ಐಎಸ್, ಐಎಸ್ 2 ಲೆನ್ಸ್‌ಗಳ ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಮೋಟರ್ ಗರಗರ ಎನ್ನುತ್ತದೆ, ಫೋಕಸ್ ಮಾಡುವಾಗ ಮುಂದಿನ ಗಾಜೂ ತಿರುಗುತ್ತದೆ. ಎಸ್‌ಟಿಎಂನಲ್ಲಿ ಆ ತೊಂದರೆಗಳಿಲ್ಲ, 250ರ ತುದಿಯಲ್ಲಿ ತೀಕ್ಷ್ಣತೆಯೂ ಹೆಚ್ಚು. ಹೊಸದಕ್ಕೆ ಹಣ ಸಾಲದಿದ್ದರೆ ಒಳ್ಳೆಯ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಲೆನ್ಸ್ ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ.

250 ಸಾಕೇ ಎಂಬ ಅನುಮಾನ ಎಲ್ಲರಿಗೂ. ಅಂಕಿಯನ್ನು ನೋಡುವ ಬದಲು ಹಕ್ಕಿಯನ್ನು ಅಳೆದು ನೋಡಿ. ಕ್ಯಾನನ್‌ನ ಸಣ್ಣ ಸೆನ್ಸರ್ ಮೇಲೆ 250 ಮಿ.ಮೀ. ಲೆನ್ಸ್, ಹತ್ತು ಮೀಟರ್ ದೂರದಲ್ಲಿ ಸುಮಾರು 90 ಸೆಂಟಿಮೀಟರ್ ಅಗಲದ ನೋಟವನ್ನು ಹಿಡಿಯುತ್ತದೆ. ಕೆರೆದಂಡೆಯ ತಂತಿಯ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್ ಇರುತ್ತದೆ, ಅಂದರೆ ಚೌಕಟ್ಟಿನ ಮೂರನೇ ಒಂದು ಭಾಗವನ್ನು ತುಂಬುತ್ತದೆ. ಅದಕ್ಕಿಂತ ಒಳ್ಳೆಯ ಅಳತೆ ಏಕೆ ಬೇಕು? ಸಣ್ಣ ನೀಲಿ ಮಿಂಚುಳ್ಳಿ ಅದರಲ್ಲಿ ಅರ್ಧಕ್ಕಿಂತ ತುಸು ಮೇಲೆ, ಅದಕ್ಕೆ ಆರು ಮೀಟರ್ ತನಕ ಹೋಗಬೇಕಾಗುತ್ತದೆ. ಕೊಕ್ಕರೆ ಬೆಳ್ಳೂರಿಗೆ ಹೋಗಿ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಇಪ್ಪತ್ತು ಮೀಟರ್ ದೂರದ ಕೊಂಬೆಗೆ ಈ ಲೆನ್ಸ್ ಹಿಡಿದರೆ ಚೌಕಟ್ಟಿನ ಅಗಲ ಪೌನೆ ಎರಡು ಮೀಟರ್, ಎತ್ತರ ಒಂದು ಮೀಟರಿಗೆ ಸ್ವಲ್ಪ ಮೇಲೆ. ಸುಮಾರು ಒಂದು ಮೀಟರ್ ಉದ್ದದ ಕೊಕ್ಕರೆ, ಗೂಡು, ಮರಿಗಳ ಸಮೇತ ಅದರಲ್ಲಿ ಬಂದು ಕೂರುತ್ತದೆ. ಅಲ್ಲಿಗೆ ಲಕ್ಷದ 600 ಮಿ.ಮೀ. ಲೆನ್ಸ್ ಒಯ್ದವರಿಗೆ ಇದೇ ಸೆನ್ಸರ್ ಮೇಲೆ ಪೂರ್ತಿ ಕೊಕ್ಕರೆ ಸಿಗುವುದೇ ಕಷ್ಟ.

ಚಿಟ್ಟೆ ಇಷ್ಟಪಡುವವರಿಗೂ ಇದೇ ಲೆನ್ಸ್ ಸಾಕು. 85 ಸೆಂಟಿಮೀಟರ್ ತನಕ ಹತ್ತಿರ ಹೋಗಲು ಬಿಡುತ್ತದೆ. ಅಷ್ಟು ಹತ್ತಿರದಲ್ಲಿ 250ಕ್ಕೆ ಎಳೆದರೆ ಚೌಕಟ್ಟಿನ ಅಗಲ ಎಂಟು ಸೆಂಟಿಮೀಟರಿಗಿಂತ ಕಡಿಮೆ. ಮನೆಯ ಮುಂದಿನ ನಿಂಬೆಗಿಡಕ್ಕೆ ಮೊಟ್ಟೆ ಇಡಲು ಬರುವ ನಿಂಬೆ ಚಿಟ್ಟೆ ಪೂರ್ತಿ ರೆಕ್ಕೆ ಬಿಡಿಸಿದರೆ ಚೌಕಟ್ಟೇ ಸಾಲದು. ಬಾಲ್ಕನಿಯಲ್ಲಿ ಕುಂಡಗಳನ್ನಿಟ್ಟುಕೊಂಡ ಗೃಹಿಣಿಯೊಬ್ಬರು ಈ ಲೆನ್ಸ್ ಒಂದರಲ್ಲೇ ತೆಗೆದ ಚಿಟ್ಟೆಗಳ ಚಿತ್ರಗಳನ್ನು ನನಗೆ ತಂದು ತೋರಿಸುತ್ತಿರುತ್ತಾರೆ. ಚಿಟ್ಟೆಯ ನಾಲಗೆಯ ಸುರುಳಿ, ಕಣ್ಣಿನ ಮೇಲಿನ ಚುಕ್ಕೆಗಳು ಎಣಿಸುವಂತೆ ಬಂದಿರುತ್ತವೆ.

250ರಿಂದ 300ಕ್ಕೆ ಹೋದರೆ ಹಕ್ಕಿ ಐದನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದಕ್ಕಾಗಿಯೇ ಬೆಲೆಯನ್ನು ಎರಡು ಪಟ್ಟು ಮಾಡಿಕೊಳ್ಳುವುದು ನನಗೆ ಸರಿ ಕಾಣದು. ಕ್ಯಾನನ್‌ನ 2016ರ 70-300 ಐಎಸ್ 2 ಯುಎಸ್‌ಎಂ ಬಹಳ ಒಳ್ಳೆಯ ಲೆನ್ಸ್, ಫೋಕಸ್ ಮಿಂಚಿನ ವೇಗದ್ದು. ಹಾರುವ ಹಕ್ಕಿಗಳ ಬೆನ್ನು ಹತ್ತುವವರು ಮತ್ತು ಮುಂದೆ ದೊಡ್ಡ ಸೆನ್ಸರ್ ಕ್ಯಾಮೆರಾಕ್ಕೆ ಹೋಗುವ ಯೋಚನೆ ಇರುವವರು ಅದನ್ನು ಕೊಳ್ಳಲಿ. ಟ್ಯಾಮ್ರಾನ್‌ನ 70-300 ವಿಸಿ ಎರಡೂ ಕಂಪನಿಯ ಬಾಡಿಗಳಿಗೆ ಸಿಗುತ್ತದೆ, ಹಳೆಯದಾದರೂ ಅದರ ಸ್ಟೆಬಿಲೈಸರ್ ಬಿಗಿಯಾದದ್ದು. ಅದೇ ಟ್ಯಾಮ್ರಾನ್‌ನ ವಿಸಿ ಇಲ್ಲದ ಅಗ್ಗದ 70-300, ಹತ್ತಿರದ ವಸ್ತುವನ್ನು ಸೆನ್ಸರ್ ಮೇಲೆ ಅದರ ನಿಜ ಅಳತೆಯ ಅರ್ಧದಷ್ಟು ಮೂಡಿಸುವುದರಿಂದ ಹೂವು, ಕೀಟಗಳಿಗೆ ಪರವಾಗಿಲ್ಲ. ಹಕ್ಕಿಗಳಿಗೆ ಬೇಡ.

ಆನ್‌ಲೈನಿನಲ್ಲಿ 420-800 ಎಂದು ಬರೆದ ಉದ್ದ ಕೊಳವೆಯಂಥ ಲೆನ್ಸ್‌ಗಳು ಕೆಲವೇ ಸಾವಿರಕ್ಕೆ ಕಾಣುತ್ತವೆ. ಅವಕ್ಕೆ ಆಟೊಫೋಕಸ್ ಇಲ್ಲ, ಸ್ಟೆಬಿಲೈಸರ್ ಇಲ್ಲ, ಎಫ್ ಅಂಕಿ (ಇದು ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ) 8.3ರಿಂದ ಆರಂಭವಾಗಿ 16ಕ್ಕೆ ಏರುತ್ತದೆ. ವ್ಯೂಫೈಂಡರಿನಲ್ಲಿ ಕತ್ತಲೆ. ಲೆನ್ಸ್‌ನ ಮುಂದೆ ತಿರುಪಿ ಹಾಕುವ 'ಡಬಲ್ ಜೂಮ್' ಗಾಜುಗಳೂ ಬೇಡ. ಎಫ್ 5.6 ಲೆನ್ಸ್‌ನ ಹಿಂದೆ ಚಿತ್ರ ದೊಡ್ಡದು ಮಾಡುವ ಕನ್ವರ್ಟರ್ ಹಾಕಿದರೆ ಈ ಬಾಡಿಗಳ ಆಟೊಫೋಕಸ್ ಬೆಳಕು ಸಾಲದೆ ಕೈಚೆಲ್ಲುತ್ತದೆ.

ಈ ಅಗ್ಗದ ಜೂಮ್‌ಗಳಿಂದ ಆಗದ ಕೆಲಸವೂ ಇದೆ. ರವೀಂದ್ರ ಕಲಾಕ್ಷೇತ್ರದಲ್ಲಿ ಮಗಳ ಭರತನಾಟ್ಯ, ಶಾಲೆಯ ಸಭಾಂಗಣದಲ್ಲಿ ವಾರ್ಷಿಕೋತ್ಸವ, ರಾತ್ರಿಯ ಯಕ್ಷಗಾನ, ಇಂಥ ಕಡೆ ಎಫ್ 5.6 ಸಾಲದು. ಅಲ್ಲಿಯೂ ಜನ ದೊಡ್ಡ 70-200 ಎಫ್ 2.8ರ ಬೆಲೆ ಕೇಳಿ ಬೆಚ್ಚುತ್ತಾರೆ. ಮುಂದಿನ ಸಾಲುಗಳಲ್ಲಿ ಕೂರಲು ಜಾಗ ಸಿಕ್ಕಿದರೆ 85 ಮಿ.ಮೀ. ಎಫ್ 1.8 ಲೆನ್ಸ್ ಆ ಕೆಲಸವನ್ನು ಬಹಳ ಕಡಿಮೆ ಬೆಲೆಗೆ ಮಾಡುತ್ತದೆ. 5.6ಕ್ಕೆ ಹೋಲಿಸಿದರೆ ಅದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ವರ್ಷಕ್ಕೊಮ್ಮೆ ಕಬಿನಿಗೋ ಬಂಡೀಪುರಕ್ಕೋ ಹೋಗುವವರಿಗೆ ಆಗ ಮಾತ್ರ ಉದ್ದದ ಲೆನ್ಸ್ ಬೇಕೆನಿಸಿದರೆ ಬಾಡಿಗೆಗೆ ಕೊಡುವವರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಸಿಗ್ಮಾದ್ದಾಗಲಿ ಟ್ಯಾಮ್ರಾನ್‌ನದಾಗಲಿ, 150-600 ಲೆನ್ಸ್ ಎರಡು ಕಿಲೋದ ಆಸುಪಾಸು ತೂಗುತ್ತದೆ. ಕೊಂಡು ಬೀರುವಿನಲ್ಲಿಟ್ಟವರನ್ನು ನಾನು ಸಾಕಷ್ಟು ಕಂಡಿದ್ದೇನೆ, ಫಂಗಸ್ (ಬೂಷ್ಟು) ತುಂಬಿದ ಮೇಲೆ ಅವೇ ಲೆನ್ಸ್‌ಗಳು ನನ್ನ ಬಳಿ ಬರುತ್ತವೆ.

ನಮ್ಮ ಬೆಂಗಳೂರಿನವರೇ ಆದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅಂಥವರು ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರು ಮಾಡಿದ್ದು ಆಟೊಫೋಕಸ್ ಇಲ್ಲದ, ಸ್ಟೆಬಿಲೈಸರ್ ಇಲ್ಲದ, ಫಿಲಂ ರೋಲ್ ಮುಗಿದರೆ ಕಥೆ ಮುಗಿಯಿತು ಎನ್ನುವ ಕಾಲದಲ್ಲಿ. ಅವರ ಬಂಡವಾಳ ಹಕ್ಕಿಯ ದಿನಚರಿಯನ್ನು ಓದಿ ತಿಳಿದದ್ದು. ಇಂದಿಗೂ ಅದೇ ನಡೆಯುತ್ತದೆ. ಮಿಂಚುಳ್ಳಿ ಮತ್ತೆ ಮತ್ತೆ ಅದೇ ಕಂಬಕ್ಕೆ ಬಂದು ಕೂರುತ್ತದೆ. ಬೆಳಗಿನ ಬಿಸಿಲು ಬೆನ್ನಿಗಿರುವಂತೆ ಆ ಕಂಬದ ಹತ್ತಿರ ಮೊದಲೇ ಹೋಗಿ, ಅಲುಗಾಡದೆ ಕುಳಿತರೆ ಅದು ಹತ್ತು ಮೀಟರಿನೊಳಗೆ ತಾನಾಗಿಯೇ ಬರುತ್ತದೆ. ಆದರೆ ಲೆನ್ಸ್ ಚಿಕ್ಕದೆಂದು ಹಕ್ಕಿಯ ಬೆನ್ನಟ್ಟಿ ಹೋಗುವುದು, ಗೂಡಿನ ಮುಂದಿನ ಕೊಂಬೆ ಮುರಿಯುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ಇವನ್ನು ದಯವಿಟ್ಟು ಯಾರೂ ಮಾಡಬಾರದು. ಗೂಡಿನಿಂದ ಎದ್ದುಹೋದ ತಾಯಿ ಹಿಂತಿರುಗುವ ಮೊದಲೇ ಕಾಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಗೂಡಿನ ಚಿತ್ರ ಸಿಗದಿದ್ದರೆ ಸಿಗದಿರಲಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈಗ ಅದಕ್ಕೆ ಒಳ್ಳೆಯ ಕಾಲ. 2018ರಲ್ಲಿ ಕ್ಯಾನನ್ ಆರ್ ಸಾಲನ್ನೂ ನಿಕಾನ್ ಝಡ್ ಸಾಲನ್ನೂ ತಂದ ಮೇಲೆ ಹಣವಿದ್ದವರು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿದ್ದಾರೆ, ಅವರ ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಲೆನ್ಸ್‌ಗಳು ಮಾರುಕಟ್ಟೆಗೆ ಬರುತ್ತಿವೆ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಇನ್ನೇಕೆ ಲೆನ್ಸ್ ಎಂದು ಹೆದರಿಸುವವರ ಮಾತು ಕೇಳಬೇಡಿ. ನಾಳೆ ನೀವೂ ಮಿರರ್‌ಲೆಸ್‌ಗೆ ಹೋದರೆ ಅಡಾಪ್ಟರ್ ಹಾಕಿಕೊಂಡು ಇದೇ 55-250, ಇದೇ ಎಎಫ್-ಪಿ 70-300 ಅದರಲ್ಲೂ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ.

ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ, ಲೆನ್ಸನ್ನೂ ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ನೋಡದೆ ಕೊಳ್ಳಬೇಡಿ. ಒಂದು ಸಣ್ಣ ಟಾರ್ಚ್ ಒಯ್ಯಿರಿ. ಎರಡು ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಆದರೆ ಗಾಜಿನ ಅಂಚಿನಿಂದ ಒಳಕ್ಕೆ ಬೇರು ಬಿಟ್ಟಂತೆ ಬಿಳಿಯ ಎಳೆಗಳು ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಕಡಿಮೆಯಾದರೂ ವಾಪಸ್ ಕೊಟ್ಟುಬಿಡಿ. ಜೂಮ್ ಪೂರ್ತಿ ಎಳೆದು ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ತುಸು ಆಟ ಸಹಜ, ಲೊಡಲೊಡ ಎಂದರೆ ಒಳಗಿನ ಪ್ಲಾಸ್ಟಿಕ್ ಜಾರುಗಳು ಸವೆದಿವೆ. ಕ್ಯಾನನ್ ಆದರೆ ಜೂಮ್‌ನ ಎಲ್ಲ ಸ್ಥಾನಗಳಲ್ಲೂ ಎಫ್ 11ಕ್ಕೆ ಇಟ್ಟು ಚಿತ್ರ ತೆಗೆದು ನೋಡಿ. ಒಳಗಿನ ರಿಬ್ಬನ್ ಕೇಬಲ್ ಹರಿಯುವ ಹಂತದಲ್ಲಿದ್ದರೆ ಆಗಲೇ ಕ್ಯಾಮೆರಾ 'ಎರರ್' ತೋರಿಸುತ್ತದೆ. ನಿಕಾನ್‌ನ ಜಿ ಲೆನ್ಸ್‌ಗಳ ಹಿಂದೆ ಅಪರ್ಚರಿನ, ಅಂದರೆ ಬೆಳಕಿನ ಕಿಂಡಿಯ, ಸಣ್ಣ ಲೋಹದ ಕಡ್ಡಿ ಇರುತ್ತದೆ. ಅದನ್ನು ಸರಿಸಿ ಬಿಟ್ಟರೆ ಎಲೆಗಳು ತಟ್ಟನೆ ಹಿಂದಕ್ಕೆ ಬರಬೇಕು, ನಿಧಾನವಾಗಿ ಬಂದರೆ ಎಣ್ಣೆ ಇಳಿದಿದೆ ಎಂದರ್ಥ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಗೆ ನಿಮ್ಮ ಪತ್ರಿಕೆಯ ಒಂದು ಪುಟ ಸಾಕು. ಪುಟವನ್ನು ಅಡ್ಡಲಾಗಿ, ಸುಕ್ಕಿಲ್ಲದೆ, ಬೆಳಕು ಚೆನ್ನಾಗಿರುವ ಗೋಡೆಗೆ ಅಂಟಿಸಿ. ಸುಮಾರು ಆರು ಮೀಟರ್ ದೂರ ನಿಂತು 250ಕ್ಕೆ ಎಳೆದರೆ ಪುಟ ಚೌಕಟ್ಟನ್ನು ತುಂಬುತ್ತದೆ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ, ಸ್ಟ್ಯಾಂಡ್ ಅಥವಾ ಮೇಜಿನ ಮೇಲಿರಲಿ. ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್ 8ರಲ್ಲಿ ಒಂದು ಚಿತ್ರ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ ನಾಲ್ಕು ಮೂಲೆಗಳ ಅಕ್ಷರಗಳನ್ನು ಓದಿ. ನಾಲ್ಕೂ ಮೂಲೆ ಸಮನಾಗಿ ತುಸು ಮೆತ್ತಗಿದ್ದರೆ ಅದು ಲೆನ್ಸ್‌ನ ಗುಣ. ಮೂರು ಮೂಲೆ ಓದಲು ಬಂದು ಒಂದು ಮೂಲೆಯಲ್ಲಿ ಮಾತ್ರ ಕಾಗುಣಿತ ಕಲಸಿಹೋಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದಿದೆ, ಗಾಜು ಓರೆಯಾಗಿದೆ. ಹೊರಗೆ ಒಂದು ಗೀರೂ ಇಲ್ಲದ ಲೆನ್ಸ್‌ಗಳಲ್ಲಿಯೂ ಈ ದೋಷವನ್ನು ಕಂಡಿದ್ದೇನೆ. ನಮ್ಮ ಕನ್ನಡದ ಒತ್ತಕ್ಷರಗಳಷ್ಟು ಸೂಕ್ಷ್ಮವಾದ ಪರೀಕ್ಷೆ ಬೇರೆಲ್ಲೂ ಇಲ್ಲ, ಕ್ಷ, ಜ್ಞ, ಸ್ತ್ರೀ ಬಿಡಿಬಿಡಿಯಾಗಿ ಕಂಡರೆ ಲೆನ್ಸ್ ಗಟ್ಟಿ.

ಕೊಂಡ ಮೇಲೆ ಕಾಪಾಡಿಕೊಳ್ಳುವ ಮಾತು. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ ಇರುತ್ತದೆ. ಸ್ಪಂಜಿನ ಒಳಪದರವಿರುವ ಚೀಲದಲ್ಲಿ ಮುಚ್ಚಿಟ್ಟ ಲೆನ್ಸ್ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಬೇಗ ತಂದರೆ ಒರೆಸಬಹುದು, ತಡವಾದರೆ ಕಲೆ ಉಳಿದುಬಿಡುತ್ತದೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಂದಿಷ್ಟು ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಮೀಟರ್, ಇಷ್ಟೇ ಬೇಕು. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿಯೊಳಗೆ ಹೂತಿಡುವುದು, ಕರ್ಪೂರ, ನುಸಿಗುಳಿಗೆ ಹಾಕುವುದು ಖಂಡಿತ ಬೇಡ. ಅಕ್ಕಿಯ ಪುಡಿಯನ್ನು ಜೂಮ್ ಕೊಳವೆಯೊಳಗಿಂದ ಬ್ರಷ್ ಹಿಡಿದು ತೆಗೆಯುವ ಕೆಲಸ ನನಗೆ ಸಾಕಾಗಿದೆ. ಅತ್ಯಂತ ಒಳ್ಳೆಯ ಮದ್ದು ಲೆನ್ಸನ್ನು ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು.

ಲೆನ್ಸ್ ಜೊತೆಗೆ ಅಂಗಡಿಯಲ್ಲಿ ಹಚ್ಚಿಕೊಡುವ ಅಗ್ಗದ ಯುವಿ ಫಿಲ್ಟರ್ ಬೇಡ, ಟೆಲಿ ಲೆನ್ಸ್‌ನಲ್ಲಿ ಅದು ಚಿತ್ರವನ್ನು ಮಂಕು ಮಾಡುತ್ತದೆ. ಆ ಹಣದಲ್ಲಿ ಲೆನ್ಸ್‌ನ ಮುಂದೆ ಸಿಕ್ಕಿಸುವ ನೆರಳಿನ ಬಳೆ, ಅಂದರೆ ಹುಡ್ ಕೊಳ್ಳಿ. ಕ್ಯಾನನ್ 55-250 ಎಸ್‌ಟಿಎಂಗೆ ಇಟಿ-63 ಎಂಬ ಹುಡ್ ಬೇರೆಯಾಗಿ ಸಿಗುತ್ತದೆ. ಬಿಸಿಲನ್ನೂ ತಡೆಯುತ್ತದೆ, ಬಿದ್ದಾಗ ಮೊದಲ ಪೆಟ್ಟನ್ನೂ ತಾನೇ ತಿನ್ನುತ್ತದೆ.

ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ. ನೀವು ವಾರವಾರ ಓದುಗರು ತೆಗೆದ ಚಿತ್ರಗಳನ್ನು ಪ್ರಕಟಿಸುತ್ತೀರಿ. ಅವುಗಳ ಕೆಳಗೆ ಹೆಸರು, ಊರಿನ ಜೊತೆ ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಎಷ್ಟು ಮಿ.ಮೀ.ನಲ್ಲಿ, ಯಾವ ಶಟರ್ ವೇಗದಲ್ಲಿ ತೆಗೆದದ್ದು ಎಂಬುದನ್ನೂ ಒಂದು ಸಾಲಿನಲ್ಲಿ ಹಾಕಿ. ಅವುಗಳಲ್ಲಿ ಎಷ್ಟೋ ಚಿತ್ರಗಳು ಇಂಥ ಸಾಧಾರಣ ಲೆನ್ಸ್‌ಗಳಿಂದಲೇ ಬಂದವು ಎಂಬುದು ನನಗೆ ಗೊತ್ತು, ಏಕೆಂದರೆ ಅವರಲ್ಲಿ ಕೆಲವರು ನನ್ನ ಬಳಿ ಬರುವವರು. ಸಾಧ್ಯವಾದರೆ ಮುಂದಿನ ಪುರವಣಿಯಲ್ಲಿ ಹಳೆಯ ಮತ್ತು ಹೊಸ ನಿಕಾನ್ ಬಾಡಿಗಳಿಗೆ ಯಾವ ಲೆನ್ಸ್ ಕೂರುತ್ತದೆ, ಯಾವುದು ಕೂರುವುದಿಲ್ಲ ಎಂಬ ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿ. ಆ ಪುಟವನ್ನು ಅಂಗಡಿಗೆ ಒಯ್ದು ತೋರಿಸಿ ಕೇಳುವ ಧೈರ್ಯ ಹೊಸಬರಿಗೆ ಬರುತ್ತದೆ. ಪಟ್ಟಿ ಸಿದ್ಧಪಡಿಸಲು ನನ್ನ ಸಹಾಯ ಬೇಕೆನಿಸಿದರೆ ಸಂತೋಷದಿಂದ ಮಾಡಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಯಾಮೆರಾ ರಿಪೇರಿ ಕೆಲಸದ ಒಬ್ಬ ಓದುಗ,
ಚಾಮರಾಜಪೇಟೆ, ಬೆಂಗಳೂರು